ನಗರ ದಂಗೆಯ ಕಾದಂಬರಿಗೆ ಒಬ್ಬ ಕಂಪನಿ ಕ್ಯಾಪ್ಟನ್: ಶತ್ರು ಅಧಿಕಾರಿಯ ಪಾತ್ರ ಕಟ್ಟುವ ಬಗೆ

ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಐತಿಹಾಸಿಕ ಕಾದಂಬರಿಗೆ ಕೂತವರ ಕೈ ಮೊದಲು ಹೋಗುವುದು 1779ರ ಮುತ್ತಿಗೆಗೆ, ಮದಕರಿನಾಯಕ ಮತ್ತು ಒನಕೆ ಓಬವ್ವನ ಕಡೆಗೆ. ಕ್ರಾಂತಿಯ ಕಥೆಗೆ ಅದಕ್ಕಿಂತ ಚೆನ್ನಾಗಿ ಒದಗುವ ಕಾಲ 1830–31ರ ನಗರ ದಂಗೆ, ಅಂದರೆ ಮೈಸೂರು ಸಂಸ್ಥಾನದ ನಗರ (ಹಿಂದಿನ ಬಿದನೂರು) ಸೀಮೆಯ ದಂಗೆ. ರೈತರು ಕೂಟ ಕಟ್ಟಿ ಕಂದಾಯ ನಿಲ್ಲಿಸಿದರು. ಬೂದಿ ಬಸಪ್ಪ ನಗರದ ಗಾದಿ ತನ್ನದೆಂದ. ತರೀಕೆರೆಯ ಪಾಳೆಯಗಾರರು ಎದ್ದರು. ಮೈಸೂರಿನ ಪಡೆಯಿಂದ ದಂಗೆ ಅಡಗದೆ ಈಸ್ಟ್ ಇಂಡಿಯಾ ಕಂಪನಿಯ ಪಡೆ ಬಂತು. ಆ ಪಡೆಯ ಅಧಿಕಾರಿ ಬರೀ ಕೆಂಪು ಕೋಟು, ಚಾವಟಿಯಾಗಿ ಉಳಿದರೆ ರೈತರ ಧೈರ್ಯವೂ ಪುಟದ ಮೇಲೆ ತೂಕ ಕಳೆದುಕೊಳ್ಳುತ್ತದೆ.

ಮೊದಲು ವಯಸ್ಸು, ಹುದ್ದೆ ಗೊತ್ತುಮಾಡಿ. ಕಂಪನಿಯ ಸೈನ್ಯದಲ್ಲಿ ಬಡ್ತಿ ಸಿಗುತ್ತಿದ್ದುದು ಸೇವಾ ಹಿರಿತನದ ಮೇಲೆ, ತೀರಾ ನಿಧಾನವಾಗಿ. 1830ರಲ್ಲಿ 39 ವರ್ಷದ ಒಬ್ಬ ಕ್ಯಾಪ್ಟನ್ ಎಂದಿಟ್ಟುಕೊಳ್ಳಿ. ಹಿಂದಕ್ಕೆ ಎಣಿಸಿದರೆ 1809ರಲ್ಲಿ ಅವನಿಗೆ 18. ಆ ವರ್ಷವೇ ಡೇರೆಗಳ ಗುತ್ತಿಗೆ ಹಣ ನಿಲ್ಲಿಸಿದ್ದು ಮುಂತಾದ ಕಾರಣಗಳಿಗೆ ಮದ್ರಾಸ್ ಸೈನ್ಯದ ಬಿಳಿಯ ಅಧಿಕಾರಿಗಳೇ ತಮ್ಮ ಸರ್ಕಾರದ ಮೇಲೆ ತಿರುಗಿಬಿದ್ದಿದ್ದರು. ಚಿತ್ರದುರ್ಗದಲ್ಲಿದ್ದ ಎರಡು ಬೆಟಾಲಿಯನ್‌ಗಳು ಬಂಡಾಯಗಾರರನ್ನು ಕೂಡಿಕೊಳ್ಳಲು ಶ್ರೀರಂಗಪಟ್ಟಣಕ್ಕೆ ಹೊರಟವು. ಶ್ರೀರಂಗಪಟ್ಟಣದ ಹತ್ತಿರ ಮೈಸೂರಿನ ಕುದುರೆ ಪಡೆಯೂ ಸರ್ಕಾರದ ಪಕ್ಷದ ಕುದುರೆ ಪಡೆಯೂ ಅವರ ಮೇಲೆ ಬಿದ್ದವು. ಸತ್ತವರು ಸಿಪಾಯಿಗಳು. ಅಧಿಕಾರಿಗಳಲ್ಲಿ ಕೆಲವರನ್ನು ಬಿಟ್ಟರೆ ಉಳಿದವರಿಗೆಲ್ಲ ಕ್ಷಮೆ ಸಿಕ್ಕಿತು.

ನಿಮ್ಮ ಕ್ಯಾಪ್ಟನ್ ಆ ಬೆಟಾಲಿಯನ್‌ನಲ್ಲಿ ಹೊಸದಾಗಿ ಸೇರಿದ ಹುಡುಗನಾಗಿದ್ದ ಎಂದು ಮಾಡಿ. ಆಗ ಅವನು ತಾನೇ ದಂಗೆ ಎದ್ದು ಉಳಿದುಕೊಂಡವನು, ಈಗ ದಂಗೆ ಅಡಗಿಸಲು ಬಂದವನು. ಈ ಹಿನ್ನೆಲೆಯನ್ನು ಒಂದೇ ಅಧ್ಯಾಯದಲ್ಲಿ ಸುರಿಯಬೇಡಿ, ಮೂರು ಕಡೆ ಹಂಚಿ. ಮೊದಲ ಪ್ರವೇಶದಲ್ಲಿ ಅವನು ದಾರಿ ಕೇಳದೆ ರಂಗಯ್ಯನ ಬಾಗಿಲಿಂದ ಗೋಪಾಲಸ್ವಾಮಿ ಹೊಂಡದವರೆಗೆ ಕೋಟೆ ಹತ್ತಲಿ, ಕಾರಣ ಹೇಳಬೇಡಿ. ನಡುವೆ, 1809ರಲ್ಲಿ ಸಿಪಾಯಿಯಾಗಿದ್ದ ಹಳೆಯ ಸುಬೇದಾರನೊಬ್ಬ ಅವನ ಕಣ್ಣು ತಪ್ಪಿಸಲಿ. ಸೆರೆಸಿಕ್ಕ ರೈತರ ಶಿಕ್ಷೆಗೆ ಅವನು ರುಜು ಹಾಕುವ ಹೊತ್ತಿಗೆ ಓದುಗರಿಗೆ ಪೂರ್ತಿ ತಿಳಿದಿರಲಿ. ಅವನು ಪಶ್ಚಾತ್ತಾಪ ಪಡಬೇಕಿಲ್ಲ. ರುಜು ಹಾಕಿದರೇ ಪಾತ್ರ ಗಟ್ಟಿ.

ಇನ್ನು ಭಾಷೆ. ಬಹಳ ಹಸ್ತಪ್ರತಿಗಳು ಕೆಡುವುದು ಇಲ್ಲೇ. ನಾಟಕದ ದೊರೆಯ ಹಾಗೆ ‘ಟುಮ್ಹಾರಾ ಕಂಡಾಯ’ ಎನ್ನಿಸಿದರೆ ಅವನು ಗೊಂಬೆಯಾಗುತ್ತಾನೆ. ಅವನಿಗೆ ಹಿಂದುಸ್ತಾನಿ ಒಂದಿಷ್ಟು ಬರುತ್ತದೆ, ಕನ್ನಡ ಬಾರದು. ಅವನ ಸಿಪಾಯಿಗಳಲ್ಲಿ ಹೆಚ್ಚಿನವರು ತೆಲುಗು, ತಮಿಳು ಸೀಮೆಯವರು. ಮಾತೆಲ್ಲ ದುಭಾಷಿಯ ಬಾಯಿಂದಲೇ ಹೋಗಬೇಕು. ಅದನ್ನು ಹೀಗೆ ಬಳಸಿ:

ರೈತ: “ಮಳೆ ಇಲ್ಲ ಬುದ್ದೀ, ಕಂದಾಯ ಎಲ್ಲಿಂದ ತರಾನ? ಶರತ್ತಿನ ಅಮಲ್ದಾರ ಕೊಟ್ಟಿಗೆಯಾಗಿದ್ದ ಎತ್ತೂ ಹೊಡ್ಕಂಡು ಹೋದ.”
ದುಭಾಷಿ: “ಕಂದಾಯ ಕೊಡಲ್ಲ ಅಂತಾನೆ, ಸಾಹೇಬರೇ.”
ಕ್ಯಾಪ್ಟನ್‌ನ ವರದಿ: ‘ಈ ಗ್ರಾಮ ಸರ್ಕಾರವನ್ನು ಧಿಕ್ಕರಿಸಿದೆ.’

ಎತ್ತು ಎರಡನೆಯ ಸಾಲಿನಲ್ಲೇ ಮಾಯವಾಯಿತು. ಶರತ್ತು ಪದ್ಧತಿಯಲ್ಲಿ ಅಮಲ್ದಾರ, ಅಂದರೆ ತಾಲೂಕಿನ ಕಂದಾಯ ಅಧಿಕಾರಿ, ಇಂತಿಷ್ಟು ವಸೂಲು ಮಾಡಿಕೊಡುವೆನೆಂದು ಬರೆದುಕೊಟ್ಟಿರುತ್ತಿದ್ದ, ಕಡಿಮೆಬಿದ್ದರೆ ಕೈಯಿಂದ ತುಂಬಬೇಕಿತ್ತು. ರೈತನ ಸಿಟ್ಟು ಮೊದಲು ಅವನ ಮೇಲೆ, ಕ್ಯಾಪ್ಟನ್ ಬರುವುದು ಆಮೇಲೆ. ಈ ಕ್ರಮ ತಪ್ಪಿಸಿ ಕಥೆಯನ್ನು ಬಿಳಿಯರು–ಕರಿಯರ ಜಗಳವಾಗಿ ಇಳಿಸಬೇಡಿ. ದಂಗೆ ಎದ್ದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಸಂಸ್ಥಾನದ ಆಡಳಿತದ ವಿರುದ್ಧ. ಕ್ಯಾಪ್ಟನ್ ಒಳಗೊಳಗೇ ಯೋಚಿಸುವ ಭಾಗಗಳನ್ನು ಮಾತ್ರ ನಿಮ್ಮ ಒಳ್ಳೆಯ ಗ್ರಂಥಸ್ಥ ಕನ್ನಡದಲ್ಲೇ ಬರೆಯಿರಿ. ಅವನ ಬುದ್ಧಿ ತೊದಲುವುದಿಲ್ಲ.

ಅವನಿಗೆ ಅಧಿಕಾರ ಕೊಡುವುದು ದೂರ. ಬೆಂಗಳೂರಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರ್. ತೋಪು, ಸಾಮಾನಿನ ಎತ್ತಿನಗಾಡಿ ಕಟ್ಟಿಕೊಂಡ ಪಡೆ ದಿನಕ್ಕೆ 16ರಿಂದ 19 ಕಿಲೋಮೀಟರ್ ನಡೆದರೆ ಹೆಚ್ಚು, ಅದೂ ಬಿಸಿಲೇರುವ ಮೊದಲು. ಚಿತ್ರದುರ್ಗದಿಂದ ದಾವಣಗೆರೆಗೇ ಮೂರು ನಾಲ್ಕು ದಿನ ಹಿಡಿಯುತ್ತದೆ. ಮೈಸೂರಿನಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಕಾಸಾಮೈಜರ್‌ಗೆ ಕಾಗದ ಬರೆದು ಉತ್ತರ ಕಾಯಬೇಕೆಂದರೆ ಹರಕಾರ ಹೋಗಿಬರುವ ದಿನಗಳೆಲ್ಲ ಕ್ಯಾಪ್ಟನ್ ಒಬ್ಬನದೇ ತೀರ್ಮಾನ. ಕಾದಂಬರಿಯ ಅತಿ ಮುಖ್ಯ ತಪ್ಪನ್ನು ಅವನು ಆ ದಿನಗಳಲ್ಲೇ ಮಾಡಲಿ.

ಆಯುಧ ಸರಿಯಿರಲಿ. ಸಿಪಾಯಿಯ ಕೈಯಲ್ಲಿರುವುದು ಚಕಮಕಿ ಕಲ್ಲಿನ ಕೋವಿ. ಪಳಗಿದವನು ನಿಮಿಷಕ್ಕೆ ಮೂರು ಗುಂಡು ಹಾರಿಸಿಯಾನು. 90 ಮೀಟರ್ ದಾಟಿದರೆ ಗುರಿಗೆ ಭರವಸೆಯಿಲ್ಲ, ಆದ್ದರಿಂದಲೇ ಸಾಲುಗಟ್ಟಿ ಒಟ್ಟಿಗೆ ಹಾರಿಸುತ್ತಿದ್ದರು. ಮಳೆಯಲ್ಲಿ ಕಿವಿಮದ್ದು (ಕಿಡಿ ಹತ್ತಿಸಲು ಕೋವಿಯ ಕಿವಿಗೆ ಹಾಕುವ ಮದ್ದು) ನೆನೆದರೆ ಕೋವಿ ಹತ್ತುವುದೇ ಇಲ್ಲ. ಮಲೆನಾಡಿನ ಅಂಚಿನಲ್ಲಿ ಕಾದಾಟ ಇಡುವವರಿಗೆ ಇದು ಕಥೆಯನ್ನೇ ತಿರುಗಿಸುವ ಸಂಗತಿ. ಕ್ಯಾಪ್ಟನ್‌ನ ಪಿಸ್ತೂಲಿನಲ್ಲಿ ಒಂದೇ ಗುಂಡು. ಆರು ಗುಂಡಿನ ರಿವಾಲ್ವರ್ ಕೊಟ್ಟರೆ ಅಧ್ಯಾಯ ಬಿದ್ದುಹೋಯಿತು.

ಇನ್ನೂ ಕೆಲವನ್ನು ಹಸ್ತಪ್ರತಿಯಲ್ಲಿ ಹುಡುಕಿ ತೆಗೆಯಿರಿ. ಅವನು ‘ರಾಣಿಯ ಹೆಸರಲ್ಲಿ’ ಎನ್ನುವಂತಿಲ್ಲ, ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ಡೇರೆಯಲ್ಲಿ ಹೆಂಡತಿಯ ಫೋಟೋ, ತಂತಿ ಸಂದೇಶ, ರೈಲು ಬೇಡ. ದಾವಣಗೆರೆಯ ಹೊರಗೆ ಮೆಕ್ಕೆಜೋಳದ ಹೊಲ, ಭದ್ರಾ ನಾಲೆಯ ಗದ್ದೆ ಕಾಣಿಸಬಾರದು. ಜೋಳ, ನವಣೆ, ಹತ್ತಿ ಇರಲಿ. ವಾಣಿವಿಲಾಸ ಸಾಗರ ಇನ್ನೂ ಇಲ್ಲ, ಮಾರಿಕಣಿವೆಯಲ್ಲಿ ವೇದಾವತಿ ತಡೆಯಿಲ್ಲದೆ ಹರಿಯುತ್ತದೆ. ಶಾನುಭೋಗನ ಕೈಯಲ್ಲಿ ಮಸಿ ಬಳಿದ ಬಟ್ಟೆಯ ಕಡತ, ಬಳಪ.

300 ಪುಟದ ಕಾದಂಬರಿಯಲ್ಲಿ ಅವನಿಗೆ 50 ಪುಟ ಮೀರಬಾರದು. ಮೊದಲ 40 ಪುಟ ಅವನ ಸುದ್ದಿ ಮಾತ್ರ ಊರಿಗೆ ಬರಲಿ: ಡಂಗುರ, ಮೇವಿಗಾಗಿ ಹುಕುಂ, ಸಂತೆಯಲ್ಲಿ ಅಕ್ಕಿ ಸಿಗದಿರುವುದು. ಕಂಡಾಗ ಅವನು ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತಿರಲಿ.

ಕೊನೆಯಲ್ಲಿ ಅವನನ್ನು ಕೊಲ್ಲಿಸುವ ಆಸೆ ಹತ್ತಿಕ್ಕಿ. ಅಕ್ಟೋಬರ್ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಸಂಸ್ಥಾನದ ಆಡಳಿತ ವಹಿಸಿಕೊಂಡ. ದಂಗೆಯ ಕಾರಣ ವಿಚಾರಿಸಲು ನೇಮಿಸಿದ ಸಮಿತಿ 1833ರಲ್ಲಿ ವರದಿ ಕೊಟ್ಟಿತು. ‘ಈ ಗ್ರಾಮ ಸರ್ಕಾರವನ್ನು ಧಿಕ್ಕರಿಸಿದೆ’ ಎಂಬ ಸಾಲು ಆ ಸಮಿತಿಯ ಮುಂದೆ ಬರಲಿ, ಅದಕ್ಕೆ ಅವನು ವಿವರಣೆ ಬರೆಯಬೇಕಾಗಲಿ. ದುಭಾಷಿ ಆ ಹೊತ್ತಿಗೆ ಎಲ್ಲಿದ್ದಾನೆ ಎಂಬುದನ್ನು ಮೊದಲೇ ತೀರ್ಮಾನಿಸಿಟ್ಟುಕೊಳ್ಳಿ. ರೈತನನ್ನು ಬಿಟ್ಟರೆ ಎತ್ತಿನ ವಿಷಯ ಗೊತ್ತಿರುವವನು ಅವನೊಬ್ಬನೇ.