ಒಂದು ಪೆಟ್ಟಿಗೆ ಯುಎಸ್‌ಬಿ ಕೇಬಲ್ ಪರೀಕ್ಷಿಸಿದ್ದು

ಡಿಪ್ಲೊಮಾ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಎರಡು ವರ್ಷದ ಹಿಂದೆ ಐದನೇ ಸೆಮಿಸ್ಟರಿನ ಹುಡುಗಿಯೊಬ್ಬಳು ತನ್ನ ಇಎಸ್‌ಪಿ32 ಬೋರ್ಡು (ಕಂಪ್ಯೂಟರಿನಿಂದ ಯುಎಸ್‌ಬಿ ಮೂಲಕ ಪ್ರೋಗ್ರಾಂ ತುಂಬುವ ಪುಟ್ಟ ಮೈಕ್ರೊಕಂಟ್ರೋಲರ್ ಹಲಗೆ) ಹಿಡಿದುಕೊಂಡು ಬಂದಳು. “ಸರ್, ಲೈಟ್ ಬರ್ತಿದೆ, ಆದ್ರೆ ಕಂಪ್ಯೂಟರಲ್ಲಿ ಪೋರ್ಟೇ ತೋರಿಸ್ತಿಲ್ಲ.” ಡ್ರೈವರ್ ಮತ್ತೆ ಹಾಕಿದೆ, ಕಂಪ್ಯೂಟರ್ ಬದಲಿಸಿದೆ, ಲ್ಯಾಬಿನ ಪೆಟ್ಟಿಗೆಯಿಂದ ಇನ್ನೊಂದು ಕೇಬಲ್ ತೆಗೆದು ಸಿಕ್ಕಿಸಿದೆ. ಪೋರ್ಟು ಬರಲಿಲ್ಲ. “ಬೋರ್ಡ್ ಹೋಗಿದೆ ಕಣಮ್ಮ, ಬೇರೆ ತಗೋಬೇಕು” ಅಂದುಬಿಟ್ಟೆ. ಮುಂದಿನ ವಾರ ಅವಳು ಹೊಸ ಬೋರ್ಡು ತಂದಳು. ಅದರದ್ದೂ ಅದೇ ಪಾಡು. ಕೊನೆಗೆ ಪಕ್ಕದ ಹುಡುಗಿ ತನ್ನ ಫೋನಿನ ಜೊತೆ ಬಂದಿದ್ದ ಕೇಬಲ್ ಕೊಟ್ಟಾಗ ಎರಡೂ ಬೋರ್ಡುಗಳು ಎದ್ದು ಕೂತವು.

ಅವಳು ತಂದದ್ದೂ ನಾನು ಪೆಟ್ಟಿಗೆಯಿಂದ ತೆಗೆದದ್ದೂ ಬರೀ ಚಾರ್ಜಿಂಗಿಗೆ ಆಗುವ ಕೇಬಲ್ಲುಗಳು. ನನ್ನ ಒಂದು ಮಾತಿಗೆ ಆ ಮನೆಯವರು ಖರ್ಚು ಮಾಡಿದ್ದರು. ಹೊಸ ಬೋರ್ಡನ್ನು ಕೊಟ್ಟ ಬೆಲೆಗೇ ನಾನು ಲ್ಯಾಬಿಗೆ ತೆಗೆದುಕೊಂಡೆ. ಅದೇ ವಾರ ಕೇಬಲ್ ಟೆಸ್ಟರ್ ಒಂದನ್ನೂ ತರಿಸಿದೆ.

ಅಂಗೈಯಗಲದ ಹಲಗೆ ಅದು. ಒಂದು ಬದಿಗೆ ಟೈಪ್-ಎ ಮತ್ತು ಟೈಪ್-ಸಿ ಸಾಕೆಟ್ಟು. ಇನ್ನೊಂದು ಬದಿಗೆ ಮೈಕ್ರೊ, ಮಿನಿ, ಟೈಪ್-ಸಿ. ಕೆಳಗೆ ಸಿಆರ್2032 ಬಟನ್ ಸೆಲ್ಲು, ನಡುವೆ ಸಾಲಾಗಿ ಪುಟ್ಟ ಎಲ್‌ಇಡಿಗಳು. ಕೇಬಲ್ಲಿನ ಎರಡು ತುದಿಯನ್ನೂ ಇದಕ್ಕೇ ಸಿಕ್ಕಿಸಬೇಕು. ಯಾವ ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟುತ್ತದೋ ಅದರ ದೀಪ ಹತ್ತುತ್ತದೆ. ಒಂದು ತುದಿ ಟೆಸ್ಟರಿನಲ್ಲಿದ್ದಾಗ ಇನ್ನೊಂದನ್ನು ಚಾರ್ಜರಿಗೆ ಚುಚ್ಚಬಾರದು. 3 ವೋಲ್ಟಿನ ಸೆಲ್ಲಿನ ಮೇಲೆ 5 ವೋಲ್ಟು ಬಂದು ಕೂರುತ್ತದೆ. ಮಕ್ಕಳಿಗೆ ಮೊದಲು ಹೇಳುವುದೇ ಇದನ್ನು.

ಹಳೆಯ ಯುಎಸ್‌ಬಿ 2.0 ಕೇಬಲ್ಲಿನ ಒಳಗೆ ಇರಬೇಕಾದದ್ದು ನಾಲ್ಕು ತಂತಿ. ಕೆಂಪು 5 ವೋಲ್ಟಿಗೆ, ಕಪ್ಪು ಗ್ರೌಂಡಿಗೆ, ಹಸಿರು ಡಿ ಪ್ಲಸ್‌ಗೆ, ಬಿಳಿ ಡಿ ಮೈನಸ್‌ಗೆ. ಡೇಟಾ ಓಡಾಡುವುದು ಈ ಕೊನೆಯ ಎರಡರಲ್ಲಿ. ಅಗ್ಗದ ಕೇಬಲ್ಲು ಸೀಳಿದರೆ ಈ ಬಣ್ಣಗಳು ಹೀಗೇ ಇರುತ್ತವೆ ಅನ್ನುವ ಭರವಸೆಯಿಲ್ಲ, ಆದ್ದರಿಂದ ಬಣ್ಣ ನಂಬಿ ಸೋಲ್ಡರ್ ಮಾಡಬೇಡಿ. ಒಂದು ಶನಿವಾರ ಮಧ್ಯಾಹ್ನ ಕೂತು ಪೆಟ್ಟಿಗೆಯ ಅರವತ್ತು ಚಿಲ್ಲರೆ ಕೇಬಲ್ಲುಗಳನ್ನು ಒಂದೊಂದಾಗಿ ಹಾಕಿದೆ. ಒಂದಕ್ಕೆ ಅರ್ಧ ನಿಮಿಷವೂ ಬೇಡ. ಹೆಚ್ಚುಕಮ್ಮಿ ಮೂರರಲ್ಲೊಂದು ಕೇಬಲ್ಲಿಗೆ ಎರಡೇ ದೀಪ ಹತ್ತಿತು, 5 ವೋಲ್ಟು ಮತ್ತು ಗ್ರೌಂಡು. ಇಯರ್‌ಫೋನು, ಟ್ರಿಮ್ಮರು, ಪುಟ್ಟ ಫ್ಯಾನುಗಳ ಡಬ್ಬಿಯಲ್ಲಿ ಬಂದ ಕೇಬಲ್ಲುಗಳೇ ಅವುಗಳಲ್ಲಿ ಹೆಚ್ಚು. ಎಷ್ಟು ಸೆಮಿಸ್ಟರುಗಳಿಂದ ಅವು ನಮ್ಮ ಮಕ್ಕಳ ಕೈಗೆ ಸಿಗುತ್ತಿದ್ದವೋ ಎಂದು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಟೈಪ್-ಸಿ ಕೇಬಲ್ಲುಗಳ ಹತ್ತಿರ ಬಂದಾಗ ಗಲಿಬಿಲಿಯಾಯಿತು. ಆ ಸಾಕೆಟ್ಟಿನಲ್ಲಿ 24 ಪಿನ್ನು, ಮೇಲಿನ ಸಾಲಿಗೆ ಎ1ರಿಂದ ಎ12, ಕೆಳಗಿನದಕ್ಕೆ ಬಿ1ರಿಂದ ಬಿ12. ಒಳ್ಳೆಯ ಫೋನ್ ಕೇಬಲ್ ಹಾಕಿದರೂ ಅರ್ಧಕ್ಕರ್ಧ ದೀಪ ಹತ್ತಲಿಲ್ಲ. ಕೆಟ್ಟಿದೆ ಎಂದು ಎತ್ತಿಡುವವನಿದ್ದೆ. ಆಮೇಲೆ ಪಿನ್ನುಗಳ ಪಟ್ಟಿ ಮುಂದಿಟ್ಟುಕೊಂಡು ನೋಡಿದರೆ, ಡೇಟಾದ ಜೋಡಿ ತಂತಿ ಕೇಬಲ್ಲಿನೊಳಗೆ ಒಂದೇ ಇರುತ್ತದೆ, ಪ್ಲಗ್ಗಿನಲ್ಲಿ ಅದು ಎ6, ಎ7ಕ್ಕೆ ಮಾತ್ರ ಸೇರಿರುತ್ತದೆ. ಪ್ಲಗ್ಗನ್ನು ಮಗುಚಿ ಹಾಕಿದರೆ ಅದೇ ದೀಪ ಬಿ6, ಬಿ7ರ ಕಡೆಗೆ ಜಿಗಿಯುತ್ತದೆ. ಯುಎಸ್‌ಬಿ 2.0ರ ಸಿ-ಸಿ ಕೇಬಲ್ಲಿಗೆ 5 ವೋಲ್ಟು, ಗ್ರೌಂಡು, ಡೇಟಾದ ಎರಡು ಮತ್ತು ಎಷ್ಟು ಕರೆಂಟ್ ಎಳೆಯಬಹುದೆಂದು ತಿಳಿಸುವ ಸಿಸಿ ಅನ್ನುವ ಒಂದು ತಂತಿ ಸಿಕ್ಕರೆ ಅದು ಪೂರ್ತಿ ಸರಿಯಾದ ಕೇಬಲ್ಲೇ. ಟಿಎಕ್ಸ್, ಆರ್‌ಎಕ್ಸ್ ಎಂಬ ವೇಗದ ಜೋಡಿಗಳ ದೀಪ ಹತ್ತಬೇಕಾದದ್ದು ಯುಎಸ್‌ಬಿ 3 ಎಂದು ಹೇಳಿ ಮಾರಿದ ಕೇಬಲ್ಲಿಗೆ. ಹಾಗೆ ಮಾರಿದ್ದಕ್ಕೆ ಹತ್ತದಿದ್ದರೆ ಮಾತ್ರ ಅಂಗಡಿಯವರ ಹತ್ತಿರ ಕೇಳಬೇಕು.

ಈ ದೀಪದ ಹಲಗೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅರೆಮುರಿದ ಕೇಬಲ್ ಹಿಡಿಯಲು. ಪ್ಲಗ್ಗಿನ ಕತ್ತಿನ ಹತ್ತಿರ ಬೆರಳಿಟ್ಟು ನಾಲ್ಕೂ ಕಡೆಗೆ ನಿಧಾನವಾಗಿ ಬಗ್ಗಿಸಬೇಕು, ಕಣ್ಣು ದೀಪದ ಮೇಲಿರಬೇಕು. ಒಳಗೆ ತಂತಿ ಕಡಿದಿದ್ದರೆ ದೀಪ ಮಿಟುಕುತ್ತದೆ. ಪ್ರೋಗ್ರಾಂ ಅರ್ಧ ಹೋಗಿ ನಿಂತುಬಿಡುವ, ಮತ್ತೊಮ್ಮೆ ಹಾಕಿದರೆ ಸರಿಹೋಗುವ ಕಾಟಕ್ಕೆಲ್ಲ ಇದೇ ಮೂಲವಾಗಿತ್ತು. ಮಲ್ಟಿಮೀಟರಿನ ಬೀಪ್ ಹಿಡಿದೂ ಇದನ್ನು ಮಾಡಬಹುದು, ಆದರೆ ಎರಡು ಪ್ರೋಬು, ಸಣ್ಣ ಪಿನ್ನು, ಜೊತೆಗೆ ಬಗ್ಗಿಸಲು ಇನ್ನೊಂದು ಕೈ ಎಲ್ಲಿಂದ ತರುವುದು?

ದೀಪ ಹತ್ತಿದ ಮಾತ್ರಕ್ಕೆ ಕೇಬಲ್ ಒಳ್ಳೆಯದು ಅನ್ನುವ ಹಾಗಿಲ್ಲ. ನಮ್ಮ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರೊಂದು ಪದೇ ಪದೇ ಪರದೆಯ ಮೇಲೆ ಮಿಂಚಿನ ಗುರುತು ತೋರಿಸುತ್ತಿತ್ತು. ಸುಮಾರು 4.63 ವೋಲ್ಟಿಗಿಂತ ಇಳಿದರೆ ಅದು ಹಾಗೆ ಎಚ್ಚರಿಸುತ್ತದೆ. ಅದರ ಕೇಬಲ್ಲಿಗೆ ಟೆಸ್ಟರಿನಲ್ಲಿ ಎಲ್ಲ ದೀಪವೂ ಹತ್ತಿತ್ತು. ಎಲ್‌ಇಡಿ ಉರಿಯಲು ಕೆಲವೇ ಮಿಲಿಆಂಪ್ ಸಾಕು, ಕೂದಲೆಳೆಯಂಥ ತಂತಿಯಲ್ಲೂ ಅದು ಹರಿಯುತ್ತದೆ. ಹಾಗಾಗಿ 4.7 ಓಮ್, 10 ವಾಟಿನ ಸಿಮೆಂಟ್ ರೆಸಿಸ್ಟರನ್ನು ಒಂದು ಸಾಕೆಟ್ಟಿಗೆ ಸೋಲ್ಡರ್ ಮಾಡಿ, ಕೇಬಲ್ಲಿನಿಂದ ಹೆಚ್ಚು ಕರೆಂಟ್ ಎಳೆಯುವ ಲೋಡಾಗಿ ಇಟ್ಟುಕೊಂಡೆ. ಅದನ್ನು ಸಿಕ್ಕಿಸಿ, ಚಾರ್ಜರಿನ ಬಳಿ ಒಮ್ಮೆ, ರೆಸಿಸ್ಟರಿನ ಮೇಲೆ ಒಮ್ಮೆ ವೋಲ್ಟೇಜ್ ಅಳೆಯುತ್ತೇನೆ. ಪೈಯ ಆ ಕೇಬಲ್ಲಿನಲ್ಲಿ ಈ ಕಡೆ 5.05 ಇದ್ದದ್ದು ಆ ಕಡೆ 4.40ಕ್ಕೆ ಇಳಿದಿತ್ತು, ಇನ್ನೂ ಒಂದು ಆಂಪಿಯರ್ ಕೂಡ ಹರಿಯದಿದ್ದಾಗ. ದಪ್ಪ ತಂತಿಯ ಇನ್ನೊಂದರಲ್ಲಿ 4.85 ಸಿಕ್ಕಿತು. ಕೇಬಲ್ಲಿನ ಮೈಮೇಲೆ ತಂತಿಯ ದಪ್ಪ ಹೇಳುವ ಎಡಬ್ಲ್ಯುಜಿ ಸಂಖ್ಯೆ ಅಚ್ಚಾಗಿದ್ದರೆ ನೋಡಿ, ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ. 28ರ ತಂತಿಗೆ ಮೀಟರಿಗೆ ಸುಮಾರು 0.21 ಓಮ್, 24ರದ್ದಕ್ಕೆ ಸುಮಾರು 0.08. ಹೋಗುವ ದಾರಿ, ಬರುವ ದಾರಿ ಎರಡೂ ಸೇರಿ ಲೆಕ್ಕ ಹಾಕಬೇಕು. ರೆಸಿಸ್ಟರ್ ಸುಡುವಷ್ಟು ಬಿಸಿಯಾಗುತ್ತದೆ, ಹಂಚಿನ ಮೇಲಿಟ್ಟು ಅಳೆದು ತಕ್ಷಣ ತೆಗೆದುಬಿಡಿ.

ದೀಪ ಹೇಳದ ಇನ್ನೊಂದು ಸಂಗತಿಯೂ ಇದೆ. ಎ-ಯಿಂದ-ಸಿ ಕೇಬಲ್ಲಿನ ಸಿ ಪ್ಲಗ್ಗಿನೊಳಗೆ 5 ವೋಲ್ಟಿಗೂ ಸಿಸಿಗೂ ನಡುವೆ 56 ಕಿಲೊಓಮಿನ ರೆಸಿಸ್ಟರ್ ಇರಬೇಕು. ಅದರ ಬದಲು 10 ಕಿಲೊಓಮ್ ಹಾಕಿದ್ದರೆ ಫೋನು ‘3 ಆಂಪಿಯರ್ ಎಳೆಯಬಹುದು’ ಎಂದು ತಿಳಿಯುತ್ತದೆ. 500 ಮಿಲಿಆಂಪ್ ಕೊಡಲೆಂದೇ ಇರುವ ಹಳೆಯ ಲ್ಯಾಪ್‌ಟಾಪ್ ಪೋರ್ಟಿನ ಗತಿ ಏನಾಗಬೇಡ! ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲ್ಯೂಂಗ್ 2015ರಿಂದ ಇಂಥ ಕೇಬಲ್ಲುಗಳನ್ನು ಕೊಂಡು ಪರೀಕ್ಷಿಸಿ ಬರೆಯುತ್ತ ಬಂದರು. 2016ರಲ್ಲಿ ಅವರು ಪರೀಕ್ಷಿಸಿದ ಒಂದು ಕೇಬಲ್ಲಿನಲ್ಲಿ 5 ವೋಲ್ಟು ಮತ್ತು ಗ್ರೌಂಡು ಅದಲುಬದಲಾಗಿದ್ದವು, ಅವರ ಲ್ಯಾಪ್‌ಟಾಪೇ ಕೆಟ್ಟುಹೋಯಿತು. ಅದನ್ನು ಓದಿದ ಮೇಲೆ ನನ್ನ ಹಲಗೆಯ ಸರ್ಕ್ಯೂಟನ್ನು ಮಲ್ಟಿಮೀಟರಿನಿಂದ ಗುರುತಿಸಿ ನೋಡಿದೆ. ಒಂದು ಬದಿಯ ಪಿನ್ನುಗಳೆಲ್ಲ ಸೆಲ್ಲಿನ ಪ್ಲಸ್ಸಿಗೇ ಸೇರಿವೆ. ಅಂದರೆ ತಂತಿ ಅದಲುಬದಲಾದರೂ ಇದರಲ್ಲಿ ದೀಪ ಹತ್ತಿಯೇ ಹತ್ತುತ್ತದೆ! ಅದಕ್ಕೇ ಹೆಸರಿಲ್ಲದ ಹೊಸ ಕೇಬಲ್ ಬಂದರೆ ಸಾಕೆಟ್ಟಿನ ಪ್ರತಿ ಪಿನ್ನನ್ನೂ ಹೊರಗೆ ತಂದಿಟ್ಟಿರುವ ಬ್ರೇಕ್‌ಔಟ್ ಬೋರ್ಡಿಗೆ ಹಾಕಿ ಒಂದೊಂದೇ ತಂತಿಯನ್ನು ಮಲ್ಟಿಮೀಟರಿನಿಂದ ನೋಡುತ್ತೇನೆ, ಸಿಸಿಯ ರೆಸಿಸ್ಟರನ್ನೂ ಆಗಲೇ ಅಳೆಯುತ್ತೇನೆ. ಪಿನ್ನು ಪಿನ್ನಿಗೆ ತಾಳೆ ನೋಡಿ ಪರದೆಯ ಮೇಲೆ ತೋರಿಸುವ ಟೆಸ್ಟರುಗಳೂ ಬಂದಿವೆ. ದುಡ್ಡಿದ್ದರೆ ಅದನ್ನೇ ಕೊಳ್ಳಿ.

ಈಗ ಪೆಟ್ಟಿಗೆ ಮೂರಾಗಿದೆ. ನಾಲ್ಕೂ ತಂತಿ ಇದ್ದು ಲೋಡಿನಲ್ಲೂ ಗೆದ್ದವಕ್ಕೆ ಹಸಿರು ಟೇಪು, ಡೇಟಾ ಇದ್ದು ಸಣಕಲು ತಂತಿಯಿದ್ದವಕ್ಕೆ ಹಳದಿ. ಎರಡೇ ತಂತಿಯವನ್ನು ಮಧ್ಯಕ್ಕೆ ಕತ್ತರಿಸಿ ಬ್ರೆಡ್‌ಬೋರ್ಡಿಗೆ (ಸೋಲ್ಡರ್ ಇಲ್ಲದೆ ಸರ್ಕ್ಯೂಟ್ ಜೋಡಿಸುವ ಹಲಗೆಗೆ) 5 ವೋಲ್ಟು ಕೊಡುವ ವೈರು ಮಾಡಿಕೊಂಡಿದ್ದೇವೆ. ಮನೆಯಿಂದ ಕೇಬಲ್ ತರುವ ಮಕ್ಕಳು ಬೋರ್ಡಿಗೆ ಹಾಕುವ ಮೊದಲು ಟೆಸ್ಟರಿಗೆ ಹಾಕಬೇಕು. ಕಳೆದ ತಿಂಗಳು ಒಬ್ಬ ಹುಡುಗ, “ಸರ್, ನನ್ನ ಬೋರ್ಡ್ ಹೋಯ್ತು” ಅಂತ ಬಂದ. ಅವನ ಕೇಬಲ್ಲಿನ ಡಿ ಮೈನಸ್ ದೀಪ ಕತ್ತು ಬಗ್ಗಿಸಿದಾಗಲೆಲ್ಲ ಆರುತ್ತಿತ್ತು. ಹಸಿರು ಟೇಪಿನದ್ದೊಂದು ಕೊಟ್ಟೆ, ಪೋರ್ಟು ಬಂತು.