ಟೀ ಸೊಪ್ಪು ಬಿಸಾಡಬೇಡಿ, ತಿನ್ನಿ

ಅಂಗಡಿಯಲ್ಲಿ ಈಗಲೂ ಕೆಲವರು 'ಟೀ ಸೊಪ್ಪು ಕೊಡಿ' ಎಂದೇ ಕೇಳುತ್ತಾರೆ. ಹೆಸರಲ್ಲೇ ಸೊಪ್ಪು ಇದೆ, ಆದರೂ ದಂಟು, ಮೆಂತ್ಯ, ಒಂದೆಲಗದ ಸಾಲಿನಲ್ಲಿ ನಾವು ಅದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಕುದಿಸಿ, ಸೋಸಿ, ಉಳಿದ ಚರಟವನ್ನು ಗುಲಾಬಿ ಗಿಡದ ಬುಡಕ್ಕೆ ಹಾಕಿಬಿಡುತ್ತೇವೆ.

ಮ್ಯಾನ್ಮಾರ್‌ನಲ್ಲಿ, ಅಂದರೆ ಹಳೆಯ ಬರ್ಮಾದಲ್ಲಿ, ಹಾಗಲ್ಲ. ಅಲ್ಲಿ ಟೀ ಕುಡಿಯುವುದೂ ಉಂಟು, ಅದೇ ಎಲೆಯನ್ನು ತಿನ್ನುವುದೂ ಉಂಟು. ತಿನ್ನುವ ಎಲೆಗೆ 'ಲಫೆಟ್' ಎಂದು ಹೆಸರು. ಹಣ್ಣಿನಲ್ಲಿ ಮಾವು, ಮಾಂಸದಲ್ಲಿ ಹಂದಿ, ಎಲೆಯಲ್ಲಿ ಲಫೆಟ್ ಎಂಬುದು ಅಲ್ಲಿಯ ಗಾದೆ. ಶಾನ್ ಬೆಟ್ಟಗಳ ನಮ್ಸಾನ್ ಸುತ್ತಮುತ್ತ ಪಲೌಂಗ್ ಜನ ಈ ಟೀ ಬೆಳೆಯುತ್ತಾರೆ. ಎಳೆ ಎಲೆಯನ್ನು ಸ್ವಲ್ಪ ಹೊತ್ತು ಹಬೆಯಲ್ಲಿ ಬೇಯಿಸಿ, ಕೈಯಲ್ಲಿ ಉಜ್ಜಿ, ಬಿದಿರಿನ ಬುಟ್ಟಿಯಲ್ಲಿ ಒತ್ತಿ ತುಂಬಿ, ಗುಂಡಿಗಿಳಿಸಿ, ಮೇಲೆ ಭಾರ ಹೇರಿ ತಿಂಗಳುಗಟ್ಟಲೆ ಬಿಡುತ್ತಾರೆ. ಗಾಳಿಯಾಡದ ಆ ಒತ್ತಡದಲ್ಲಿ ಎಲೆ ನಿಧಾನವಾಗಿ ಹುಳಿ ಬರುತ್ತದೆ.

ನಮ್ಮಲ್ಲಿ ವೀಳ್ಯಕ್ಕೆ ಇರುವ ಮರ್ಯಾದೆ ಅಲ್ಲಿ ಇದಕ್ಕಿದೆ. ಮನೆಗೆ ಬಂದವರ ಮುಂದೆ ಅರಗಿನ ಮೆರುಗಿನ ತಟ್ಟೆ ಇಡುತ್ತಾರೆ, ಅದರಲ್ಲಿ ಸಣ್ಣ ಸಣ್ಣ ಅಂಕಣಗಳು. ನಡುವೆ ಟೀ ಸೊಪ್ಪು, ಸುತ್ತ ಕರಿದ ಬೆಳ್ಳುಳ್ಳಿ, ಕಡಲೆಕಾಯಿ, ಹುರಿದ ಎಳ್ಳು, ಒಣ ಸೀಗಡಿ. ಹಿಂದಿನ ಕಾಲದಲ್ಲಿ ವ್ಯಾಜ್ಯ ತೀರ್ಮಾನವಾದ ಮೇಲೆ ಎರಡೂ ಕಡೆಯವರು ಕೂತು ಲಫೆಟ್ ತಿಂದರೆ, ತೀರ್ಪಿಗೆ ಒಪ್ಪಿದರು ಎಂದೇ ಅರ್ಥ.

ಗುಂಡಿ, ಬುಟ್ಟಿ ನಮ್ಮಿಂದ ಆಗುವ ಕೆಲಸವಲ್ಲ. ಒಣ ಗ್ರೀನ್ ಟೀಯಿಂದ ಅದರ ಹತ್ತಿರದ ರುಚಿ ತರಬಹುದು. ತಿಂಗಳುಗಟ್ಟಲೆ ಹುದುಗಿದ ಎಲೆಯ ಆಳ ಇದಕ್ಕೆ ಬರುವುದಿಲ್ಲ, ಆದರೆ ತಿನ್ನಲು ನಿಜಕ್ಕೂ ಚೆನ್ನಾಗಿರುತ್ತದೆ.

ಎಲೆ ಆರಿಸುವುದು

ಅರ್ಧ ಕೆಲಸ ಇಲ್ಲೇ ಇದೆ. ಟೀ ಬ್ಯಾಗ್ ಕತ್ತರಿಸಿ ಪುಡಿ ಸುರಿದುಕೊಳ್ಳಬೇಡಿ. ನಾನು ಮೊದಲ ಸಲ ಮಾಡಿದ್ದು ಅದನ್ನೇ, ಸಿಕ್ಕಿದ್ದು ಬಾಯಲ್ಲಿ ಮರಳಿನ ಹಾಗೆ ಓಡಾಡುವ ಕಹಿ ಮುದ್ದೆ. ಪೂರ್ತಿ ಎಲೆಯ ಗ್ರೀನ್ ಟೀ ಬೇಕು. ನೀಲಗಿರಿಯದ್ದಾಗಲಿ, ಅಸ್ಸಾಮಿನದ್ದಾಗಲಿ, ನಿಂಬೆ, ಜೇನು ಎಂದು ಸುವಾಸನೆ ಸೇರಿಸಿರಬಾರದು. ಒಂದು ಚಿಟಿಕೆ ಬಿಸಿನೀರಿಗೆ ಹಾಕಿ ಐದು ನಿಮಿಷ ಬಿಟ್ಟು ನೋಡಿ. ಮುದುರಿದ ಕಡ್ಡಿಯಂಥದ್ದು ಮೆಲ್ಲಗೆ ಬಿಚ್ಚಿಕೊಂಡು, ಅಂಚಿನ ಸಣ್ಣ ಗರಗಸದ ಹಲ್ಲುಗಳೂ ಕಾಣುವ ಎಲೆಯಾದರೆ ಅದೇ ಸರಿಯಾದ ಟೀ. ಅಂಗೈ ಮೇಲಿಟ್ಟು ನೋಡಿದರೆ ಕೆಲವೊಮ್ಮೆ ಎರಡು ಎಲೆ, ಒಂದು ಕುಡಿ ಹಾಗೇ ಸಿಗುತ್ತದೆ.

ಇನ್ನೊಂದು ಮಾತು. ಕುಡಿಯುವಾಗ ಎಲೆಯಲ್ಲಿರುವುದರ ಒಂದು ಪಾಲು ಮಾತ್ರ ನೀರಿಗಿಳಿಯುತ್ತದೆ. ತಿನ್ನುವಾಗ ಎಲ್ಲವೂ ಹೊಟ್ಟೆಗೆ, ನಾರು, ನೀರಲ್ಲಿ ಕರಗದ ವಿಟಮಿನ್ ಇ, ಹಾಗೆಯೇ ಎಲೆ ಮೇಲೆ ಹೊಡೆದ ಔಷಧಿ ಏನಾದರೂ ಉಳಿದಿದ್ದರೆ ಅದೂ. ಹಾಗಾಗಿ ಸಾವಯವ ಎಲೆಗೆ ಸ್ವಲ್ಪ ಜಾಸ್ತಿ ದುಡ್ಡು ಕೊಡುವುದು ಒಳ್ಳೆಯದು.

ಕಹಿ ತೆಗೆಯುವುದು

25 ಗ್ರಾಂ ಒಣ ಎಲೆ ಸಾಕು. ಕಡಿಮೆ ಅನ್ನಿಸುತ್ತದೆ, ಆದರೆ ನೆನೆದ ಮೇಲೆ ಒಂದು ಬಟ್ಟಲು ತುಂಬುತ್ತದೆ. ಕುದಿಯುವ ನೀರು ಬೇಡ, ಕುದಿಸಿ ಕೆಳಗಿಳಿಸಿ ಐದು ನಿಮಿಷ ಆರಿದ ನೀರು ಹಾಕಿ. ಹತ್ತು ನಿಮಿಷದ ಮೇಲೆ ಬಸಿಯಿರಿ. ಗಟ್ಟಿ ದಂಟು, ಕಡ್ಡಿ ಸಿಕ್ಕರೆ ಆಗಲೇ ಆರಿಸಿ ತೆಗೆಯಿರಿ, ಆಮೇಲೆ ಅವು ಹಲ್ಲಿಗೆ ಸಿಗುತ್ತವೆ.

ಈಗ ತಣ್ಣೀರು ಹಾಕಿ ಎರಡೂ ಕೈಯಲ್ಲಿ ಹಿಸುಕಿ. ಬಟ್ಟೆ ಒಗೆಯುವ ಹಾಗೆ ಉಜ್ಜಬೇಡಿ, ಎಲೆ ಹರಿದು ಲೋಳೆಯಾಗುತ್ತದೆ. ಹಾಗಲಕಾಯಿಗೆ ಉಪ್ಪು ಹಚ್ಚಿ ಹಿಂಡುತ್ತೀರಲ್ವಾ, ಅಷ್ಟು ಬಲ ಸಾಕು. ನೀರು ಹಳದಿ ಹಸಿರಾಗಿ ನೊರೆ ಬರುತ್ತದೆ. ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಹಿಸುಕಿ. ಮೂರು ನಾಲ್ಕು ಸಲ ಆದ ಮೇಲೆ ನೀರು ತಿಳಿಯಾಗುತ್ತಾ ಬರುತ್ತದೆ. ಕೊನೆಗೆ ತಣ್ಣೀರಲ್ಲಿ ಮುಳುಗಿಸಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಹಿಂಡಿ ಒಂದು ಎಲೆ ಅಗಿದು ನೋಡಿ. ಸ್ವಲ್ಪ ಕಹಿ, ಸ್ವಲ್ಪ ಒಗರು ಇರಲೇಬೇಕು, ಅದೇ ಇದರ ರುಚಿ. ನಾಲಿಗೆ ಒಣಗಿ ಹಿಡಿದುಕೊಂಡಂತಾದರೆ ಇನ್ನೊಂದು ಸಲ ತೊಳೆಯಿರಿ.

ಹುಳಿ ಬರಿಸುವುದು

ಒಣಗಿಸುವಾಗ ಎಲೆ ಬಿಸಿ ಕಂಡಿರುತ್ತದೆ, ಅದರಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾ ಅಷ್ಟಾಗಿ ಉಳಿದಿರುವುದಿಲ್ಲ. ಅದಕ್ಕೇ ಹಸಿ ಎಲೆಕೋಸು ಸೇರಿಸುವುದು, ಅದು ತನ್ನ ಜೊತೆ ಆ ಜೀವಿಗಳನ್ನು ತರುತ್ತದೆ. ಸಣ್ಣಗೆ ಹೆಚ್ಚಿದ ಎಲೆಕೋಸು ಒಂದು ದೊಡ್ಡ ಹಿಡಿ, ಒಂದು ಚೂರು ಶುಂಠಿ, ಮಟ್ಟವಾಗಿ ಒಂದು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣಿನ ರಸ. ಎಲ್ಲವನ್ನೂ ಎಲೆಯ ಜೊತೆ ಕಲಸಿ, ಬಿಸಿನೀರಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ಒತ್ತಿ ತುಂಬಿ. ಎಲೆಯ ಮೇಲೆ ರಸ ನಿಲ್ಲಬೇಕು. ನಿಲ್ಲದಿದ್ದರೆ ಕುದಿಸಿ ಆರಿಸಿದ ಉಪ್ಪುನೀರು ಸ್ವಲ್ಪ ಹಾಕಿ. ಮುಚ್ಚಳ ಸಡಿಲವಾಗಿರಲಿ, ಒಳಗಿನ ಗಾಳಿ ಹೊರಗೆ ಹೋಗಬೇಕು.

ಬಿಸಿಲು ಬೀಳದ ಕಡೆ ಇಡಿ. ಮಂಗಳೂರಿನ ಸೆಕೆಗೆ ಎರಡು ಮೂರು ದಿನ, ಬೆಂಗಳೂರಲ್ಲಿ ನಾಲ್ಕೈದು ದಿನ. ದಿನಕ್ಕೊಮ್ಮೆ ಶುಭ್ರವಾದ ಚಮಚದಿಂದ ಒತ್ತಿ, ಮೂಸಿ ನೋಡಿ. ಹುದುಗಿದ ದೋಸೆ ಹಿಟ್ಟಿನಂಥ ಹುಳಿ ವಾಸನೆ ಬಂದರೆ ಸರಿಯಾಗಿದೆ, ಫ್ರಿಜ್‌ಗೆ ಸೇರಿಸಿ, ಹತ್ತು ದಿನದೊಳಗೆ ಮುಗಿಸಿ. ಬೂಷ್ಟು ಹಿಡಿದರೆ, ಕೊಳೆತ ವಾಸನೆ ಬಂದರೆ ಯೋಚನೆಯೇ ಬೇಡ, ಬಾಟಲಿ ಸಮೇತ ಬಿಸಾಡಿ.

ಎಲೆ ಮಾಸಿದ ಹಸಿರಾಗುತ್ತದೆ, ಗಾಬರಿ ಬೇಡ. ಹುದುಗಿದ ಎಲೆ ಇರುವುದೇ ಹಾಗೆ. ಪ್ಯಾಕೆಟ್ ಲಫೆಟ್ ಸಿಕ್ಕಿ ಅದು ಮಿಂಚುವ ಬಣ್ಣದಲ್ಲಿದ್ದರೆ ಅನುಮಾನಪಡಿ. ಬಟ್ಟೆಗೆ ಹಾಕುವ ಔರಮೈನ್ ಓ ಎಂಬ ಹಳದಿ ಬಣ್ಣ ಬೆರೆಸಿದ್ದಕ್ಕೆ 2009ರಲ್ಲಿ ಮ್ಯಾನ್ಮಾರ್ ಸರ್ಕಾರವೇ ಹಲವು ಕಂಪನಿಗಳ ಲಫೆಟ್ ನಿಷೇಧಿಸಿತ್ತು.

ಕಲಸುವುದು

ಒಬ್ಬರಿಗೆ ಒಂದು ದೊಡ್ಡ ಚಮಚ ಎಲೆ ಸಾಕು. ಒಂದು ಎಸಳು ಬೆಳ್ಳುಳ್ಳಿ, ಒಂದು ಹಸಿಮೆಣಸಿನಕಾಯಿ ಜೊತೆ ಒರಟಾಗಿ ಜಜ್ಜಿ, ಎರಡು ಚಮಚ ಕಡಲೆಕಾಯಿ ಎಣ್ಣೆ ಬೆರೆಸಿ. ಇದನ್ನು ತಿನ್ನುವ ಹೊತ್ತಿಗೇ ಮಾಡಬೇಕು. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ದಿನಗಟ್ಟಲೆ ಹೊರಗಿಟ್ಟರೆ ಬೊಟುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ಅದು ಪ್ರಾಣಕ್ಕೇ ಅಪಾಯ.

ಆಮೇಲೆ ಹೆಚ್ಚಿದ ಟೊಮ್ಯಾಟೊ, ಎಲೆಕೋಸು, ಕರಿದ ಬೆಳ್ಳುಳ್ಳಿ ಚೂರು, ಹುರಿದ ಕಡಲೆಕಾಯಿ, ಎಳ್ಳು, ಕರಿದ ಕಡಲೆಬೇಳೆ, ನಿಂಬೆರಸ. ಬರ್ಮಾದವರು ಇದಕ್ಕೆ ಕರಿದ ಅವರೆಕಾಳನ್ನೂ ಹಾಕುತ್ತಾರೆ, ಹೌದು, ನಮ್ಮದೇ ಅವರೆ. ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಸಿಗುವ ಕರಿದ ಅವರೆಬೇಳೆ ಇಲ್ಲಿ ಎಷ್ಟು ಹೊಂದುತ್ತದೆ ಅಂದರೆ, ಈ ತಿನಿಸಿಗೆಂದೇ ಮಾಡಿದ್ದಾರೇನೋ ಅನ್ನಿಸುತ್ತದೆ. ಮೀನು ತಿನ್ನುವವರು ಪುಡಿ ಮಾಡಿದ ಒಣ ಸೀಗಡಿ ಹಾಕಿ. ಕೈಯಲ್ಲೇ ಕಲಸಿ, ಕಲಸಿದ ತಕ್ಷಣ ತಿನ್ನಿ. ತಡವಾದರೆ ಬೇಳೆ ಮೆತ್ತಗಾಗುತ್ತದೆ.

ಇಷ್ಟು ದಿನ ಕಾಯಲು ಆಗದವರಿಗೆ

ಜಪಾನಿನಲ್ಲಿ ಗ್ಯೊಕುರೊ ಎಂಬ ಟೀ ಇದೆ. ಕೊಯ್ಯುವ ಸುಮಾರು 20 ದಿನ ಮೊದಲೇ ಗಿಡಕ್ಕೆ ನೆರಳು ಕಟ್ಟುತ್ತಾರೆ, ಅದರಿಂದ ಎಲೆಗೆ ಒಗರು ಕಡಿಮೆ. ಎರಡು ಮೂರು ಸಲ ಟೀ ಮಾಡಿಕೊಂಡು ಕುಡಿದ ಮೇಲೆ ಅದೇ ಎಲೆಗೆ ನಾಲ್ಕು ಹನಿ ಸೋಯಾ ಸಾಸ್ ಬಿಟ್ಟು ತಿನ್ನುತ್ತಾರೆ.

ನಾನು ಸಾಮಾನ್ಯ ಗ್ರೀನ್ ಟೀ ಮಾಡಿ ಉಳಿದ ಎಲೆಯಲ್ಲಿ ತಂಬುಳಿ ಮಾಡುತ್ತೇನೆ. ಎರಡು ಚಮಚ ಎಲೆ, ತುಪ್ಪದಲ್ಲಿ ಹುರಿದ ಜೀರಿಗೆ ಮತ್ತು ಕಾಳುಮೆಣಸು, ಒಂದು ಹಿಡಿ ತೆಂಗಿನತುರಿ, ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸುವುದು, ಒಂದೆಲಗದ ತಂಬುಳಿಯ ಹಾಗೇ. ಹಾಲಿನ ಪ್ರೋಟೀನ್ ಒಗರನ್ನು ಹಿಡಿದುಕೊಳ್ಳುತ್ತದೆ, ಟೀಗೆ ಹಾಲು ಬಿದ್ದರೆ ಮೃದುವಾಗುವುದೂ ಇದೇ ಕಾರಣಕ್ಕೆ.

ರಾತ್ರಿ ಊಟಕ್ಕೆ ಮಾತ್ರ ಇದು ಬೇಡ. ತೊಳೆದರೂ ಎಲೆಯಲ್ಲಿ ಕೆಫೀನ್ ಉಳಿದಿರುತ್ತದೆ, ಬರ್ಮಾದ ಹುಡುಗರು ಪರೀಕ್ಷೆ ಸಮಯದಲ್ಲಿ ನಿದ್ದೆಗೆಡಲು ಲಫೆಟ್ ತಿನ್ನುವುದುಂಟು. ಬಸುರಿಯರು ವೈದ್ಯರನ್ನು ಕೇಳಿ ತಿನ್ನಿ. ರಕ್ತಹೀನತೆ ಇರುವವರು ಊಟದ ಜೊತೆ ತಿನ್ನದೆ ಒಂದೆರಡು ಗಂಟೆ ಬಿಟ್ಟು ತಿನ್ನಿ, ಟೀಯ ಒಗರು ಊಟದಲ್ಲಿರುವ ಕಬ್ಬಿಣದ ಅಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಉಳಿದವರು ಮಧ್ಯಾಹ್ನ ಬಿಸಿ ಅನ್ನದ ಪಕ್ಕ ಒಂದು ಹಿಡಿ ಬಡಿಸಿಕೊಳ್ಳಿ.