ಹಳದಿ ಕೂಪನ್ ಬಿಲ್ ಅಲ್ಲ

ಬಾಗಲಕೋಟೆಯ ನವನಗರದ ನಮ್ಮ ಸೆಕ್ಟರಿಗೆ ಮಧ್ಯಾಹ್ನದ ಹೊತ್ತು ನೋಡಿಕೊಂಡೇ ಮನೆಮನೆ ಮಾರಾಟಗಾರರು ಬರುತ್ತಾರೆ. "ಅಕ್ಕಾರ, ಕಂಪನಿ ಸ್ಕೀಮ್ ಐತ್ರಿ, ಇವತ್ತೊಂದ ದಿನ" ಎಂದ ಇಬ್ಬರು ಹುಡುಗರಿಂದ ನಾನು ಐದು ಲೀಟರಿನ ಕುಕ್ಕರನ್ನು 2,400 ರೂಪಾಯಿಗೆ ಕೊಂಡೆ. ಬಿಲ್ ಕೇಳಿದಾಗ ಹಳದಿ ಕೂಪನ್ನೊಂದನ್ನು ಹರಿದುಕೊಟ್ಟರು; ಅಷ್ಟಕ್ಕೇ ಸುಮ್ಮನಾದದ್ದು ನನ್ನ ತಪ್ಪು.

ಮೂರನೆಯ ದಿನ ಬೇಳೆಗಿಟ್ಟಾಗ ಮುಚ್ಚಳದ ಅಂಚಿನಿಂದ ಹಬೆ ಸೋರಿತು. ಕೂಪನ್ನಿನಲ್ಲಿದ್ದ ಫೋನ್ ಸ್ವಿಚ್ ಆಫ್ ಆಗಿತ್ತು. ಆದರೆ ಹಣವನ್ನು ಮೊಬೈಲಿನಿಂದ ಕಳಿಸಿದ್ದರಿಂದ ಅದು ಹುಬ್ಬಳ್ಳಿಯ ಏಜೆನ್ಸಿಯೊಂದರ ಖಾತೆಗೆ ಸೇರಿದ್ದು ತಿಳಿಯಿತು. ನಗದು ಕೊಟ್ಟಿದ್ದರೆ ಯಾರನ್ನು ಹುಡುಕುವುದಿತ್ತು? ಮನೆಬಳಕೆಯ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ. ಇದರ ಮೇಲೂ ಗುರುತಿತ್ತು, ಆದರೆ ಅದರ ಜೊತೆಗಿನ ಸಿಎಂ/ಎಲ್ ಸಂಖ್ಯೆಯನ್ನು (ತಯಾರಕರ ಪರವಾನಗಿ ಸಂಖ್ಯೆ) ಆ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದಾಗ ಬೇರೊಬ್ಬ ತಯಾರಕರ ಹೆಸರು ಬಂತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ಒಪ್ಪದಿರುವುದೂ ಹಾಗೆಯೇ. ಆದ್ದರಿಂದ ಒಂಬತ್ತನೆಯ ದಿನವೇ ಹಣ ಪಾವತಿಯ ವಿವರ, ಕೂಪನ್ ಮತ್ತು ಕುಕ್ಕರಿನ ಫೋಟೋ ಲಗತ್ತಿಸಿ ಏಜೆನ್ಸಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆದೆ. ಉತ್ತರ ಬರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ; ಸಹಾಯವಾಣಿ ನ್ಯಾಯಾಲಯವಲ್ಲ, ರಾಜಿಗೆ ಪ್ರಯತ್ನಿಸುತ್ತದೆ, ಅಷ್ಟೆ.

ಕೆಲಸ ಮಾಡಿದ್ದು ಜಿಲ್ಲಾ ಗ್ರಾಹಕ ಆಯೋಗಕ್ಕೆಂದು ನಾನೇ ಬರೆದ ದೂರಿನ ಕರಡು. ಮಾರಿದವರು ಹುಬ್ಬಳ್ಳಿಯವರಾದರೂ ನಾನು ವಾಸಿಸುವ ಜಿಲ್ಲೆಯಲ್ಲಿಯೇ, ವಕೀಲರಿಲ್ಲದೆ, ಎರಡು ವರ್ಷಗಳೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವೂ ಇಲ್ಲ. ಇದನ್ನು ನಮೂದಿಸಿದ ಕರಡನ್ನು ಏಜೆನ್ಸಿಗೆ ವಾಟ್ಸಾಪಿನಲ್ಲಿ ಕಳಿಸಿದ ನಾಲ್ಕನೆಯ ದಿನ ಏಜೆನ್ಸಿಯವನೊಬ್ಬ ಬಂದು, ಮೊದಲು ಕುಕ್ಕರನ್ನೂ ಕೂಪನ್ನನ್ನೂ ಕೊಟ್ಟು, "ಯಾವ ತಕರಾರೂ ಇಲ್ಲ" ಎಂಬ ಹಾಳೆಗೆ ಸಹಿ ಹಾಕಿರೆಂದ. ಅವನನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟೆ. 2,400 ರೂಪಾಯಿ ಖಾತೆಗೆ ಜಮಾ ಆದ ಮೆಸೇಜ್ ಬಂದ ಮೇಲೆ ಕುಕ್ಕರನ್ನು ಎತ್ತಿ ಕೊಟ್ಟೆ, ಹಾಳೆಯ ಮೇಲೆ ಹಣ ಬಂದ ತಾರೀಖನ್ನೂ ಬರೆದು ಸಹಿ ಮಾಡಿದೆ.